ನಾಲ್ಕನೇ ಜ್ವರಕ್ಕೆ ಸಮುದ್ರ

ಓಬಳಮ್ಮ ಡಾಕ್ಟರಮ್ಮನ ಮೇಜಿನ ಮೇಲೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, "ಮೇಡಮ್ಮೋರೆ, ನಮ್ಮ ಯಜಮಾನ್ರಿಗೆ ಸಮುದ್ರ ತೋರಿಸ್ಬೋದಾ?" ಎಂದು ಕೇಳಿದ ಗಳಿಗೆಯಲ್ಲೇ ಅವಳ ಸೆರಗಿನಿಂದ ಒಂದು ರೇಷ್ಮೆಹುಳ ಜಾರಿ, ಗಂಡನ ರಕ್ತಪರೀಕ್ಷೆಯ ಕಾಗದದ ಮೇಲೆ ಬಿತ್ತು. ಬಿದ್ದದ್ದು ಸುಮ್ಮನಿರಲಿಲ್ಲ. ತಲೆಯೆತ್ತಿ, ಕಾಗದವನ್ನು ಮೂಸಿ, ಇದು ಸೊಪ್ಪಲ್ಲವೆಂದು ತಿಳಿದು, ಡಾಕ್ಟರಮ್ಮನ ಬೆರಳಿನ ಕಡೆ ಹೊರಟಿತು.

ಡಾಕ್ಟರಮ್ಮ ಹೊಸಬಳು. ಕುರ್ಚಿ ಸಮೇತ ಹಿಂದಕ್ಕೆ ಜಾರಿ ಗೋಡೆಗೆ ಒರಗಿಕೊಂಡಳು. ನರ್ಸು ಓಡಿ ಬಂದಳು. ಡಯಾಲಿಸಿಸ್ ಯಂತ್ರಗಳಿಗೆ ಕೈಕೊಟ್ಟು ಮಲಗಿದ್ದವರು ಏಳಲಾಗದೆ ಕತ್ತು ಮಾತ್ರ ಎತ್ತಿ ನೋಡಿದರು.

"ಏನಿಲ್ಲಮ್ಮ, ನಮ್ಮನೇದೇ," ಎಂದು ಓಬಳಮ್ಮ ಹುಳವನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. "ಬೆಳಗ್ಗೆ ಸೊಪ್ಪು ಹಾಕಿ ಹಂಗೇ ಬಸ್ ಹತ್ತಿದೆ. ಪಾಪ, ಈಗ ಮೂರನೇ ಜ್ವರ ಎದ್ದೈತೆ, ಹಸಿವು ಜಾಸ್ತಿ."

"ಜ್ವರಾನಾ? ಜ್ವರ ಬಂದಿರೋ ಹುಳಾನ ಇಲ್ಲಿಗೆ ತಂದಿದೀರಾ?"

ಎರಡನೇ ಮಂಚದಿಂದ ಮುನಿಶಾಮಪ್ಪನ ದನಿ ಬಂತು. "ಮೊದಲು ಅದನ್ನ ಅಡ್ಮಿಟ್ ಮಾಡ್ಕಳಿ ಮೇಡಂ. ನಮ್ಮನೇಲಿ ಹುಳಕ್ಕೇ ಮೊದಲ ಮರ್ಯಾದೆ. ನಾನು ಆಮೇಲೆ."

ವಾರ್ಡಿನಲ್ಲಿ ಎಲ್ಲರೂ ನಕ್ಕರು. ಚಿಕ್ಕಬಳ್ಳಾಪುರದ ಆ ಕೋಣೆಯಲ್ಲಿ ನಗು ಅಪರೂಪದ ಸರಕು. ಹುಳ ಊಟದ ಡಬ್ಬಿಯ ಮುಚ್ಚಳ ಸೇರಿತು. ಡಾಕ್ಟರಮ್ಮ ಸುಧಾರಿಸಿಕೊಂಡು ಉತ್ತರ ಕೊಟ್ಟಳು. ಡಯಾಲಿಸಿಸ್ ಆದ ಮಾರನೇ ದಿನ ಹೋಗಬಹುದು, ಅವತ್ತೇ ವಾಪಸ್ ಬರಬೇಕು. ನೀರಿನ ಅಳತೆ ತಪ್ಪಬಾರದು. ಎಳನೀರು ಬೇಡವೇ ಬೇಡ. ಸೂಜಿ ಚುಚ್ಚುವ ಕೈ ಒದ್ದೆಯಾಗಬಾರದು. "ಹುಳ ತರಬೇಡಿ" ಎಂಬುದನ್ನು ಎರಡು ಸಲ ಹೇಳಿದಳು.

ಹುಳದ ಜ್ವರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆಹುಳ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಕಲ್ಲಿನ ಹಾಗೆ ಕೂತುಬಿಡುತ್ತದೆ. ಇದಕ್ಕೆ ಓಬಳಮ್ಮನ ಮೇಲೂರಿನ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಅಲುಗಿಸುವ ಹಾಗಂತೂ ಇಲ್ಲವೇ ಇಲ್ಲ. ಸುಣ್ಣದ ಪುಡಿ ತೂರಿ ಬಾಗಿಲೆಳೆದುಕೊಂಡು ಬಂದರೆ ಮುಗಿಯಿತು. ಬೇರೆ ಊರುಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹೆಂಗಸರಿಗೆ ಕೆಲಸ ಹೆಚ್ಚು. ಮೇಲೂರಿನಲ್ಲಿ ಜ್ವರ ಬಂದರೇ ಹೆಂಗಸರಿಗೆ ರಜಾ.

ಹಾಗಾಗಿ ಓಬಳಮ್ಮನ ಬದುಕಿನ ಮುಖ್ಯ ಘಟನೆಗಳೆಲ್ಲ ಜ್ವರದಲ್ಲೇ ನಡೆದಿದ್ದವು. ಅಂಬಾಜಿದುರ್ಗದ ಬುಡದ ಊರಿನಿಂದ ಮದುವೆಯಾಗಿ ಬಂದ ವಾರವೇ ಅತ್ತೆ ಅವಳ ಕೈಗೆ ಸೊಪ್ಪು ಕೊಯ್ಯುವ ಕುಡುಗೋಲು ಕೊಟ್ಟಿದ್ದಳು. ಆಮೇಲೆ ತವರಿಗೆ ಹೋದದ್ದು ಜ್ವರದ ದಿನ, ತಮ್ಮನ ಧಾರೆ ನೋಡಿದ್ದು ಜ್ವರದ ದಿನ. ಊಟಕ್ಕೆ ನಿಲ್ಲಲಿಲ್ಲ, ಹುಳ ಏಳುವ ಹೊತ್ತಾಗಿತ್ತು. ಮಗ ಮುರಳಿಮೋಹನ ಮಾತ್ರ, ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ, ಮನೆಯವರೆಲ್ಲ ಮೈಮುರಿದು ದುಡಿಯುವ ದಿನ, ಹೇಳದೆ ಕೇಳದೆ ಹುಟ್ಟಿಬಿಟ್ಟ. ಈಗ ಅವನಿಗೆ ಚಿಂತಾಮಣಿಯಲ್ಲಿ ಸ್ವಂತ ಬ್ಯಾಟರಿ ಅಂಗಡಿಯಿದೆ. ಆದರೂ ಕೋಪ ಬಂದಾಗ ಅವಳು ಅದನ್ನೇ ಎತ್ತಿ ಆಡುತ್ತಾಳೆ.

ಅವಳದು ಎರಡು ಭಾಷೆಯ ಸಂಸಾರ. ಮನುಷ್ಯರ ಜೊತೆ ಕನ್ನಡ, ಹುಳಗಳ ಜೊತೆ ತವರಿನ ತೆಲುಗು. "ತಿನಂಡಮ್ಮಾ, ತಿನಂಡಿ ಬಂಗಾರಾಲು" ಎಂದು ಸೊಪ್ಪು ಹಾಸುತ್ತಿದ್ದಳು. ಗಂಡನನ್ನು ಊಟಕ್ಕೆ ಅಷ್ಟು ಮುದ್ದಾಗಿ ಕರೆದದ್ದನ್ನು ಊರಲ್ಲಿ ಯಾರೂ ಕೇಳಿದವರಿಲ್ಲ. "ಇಕ್ಕಿದೀನಿ, ಬನ್ನಿ" ಅಷ್ಟೇ.

ಗಂಡ ಮುನಿಶಾಮಪ್ಪ ಪಂಚಾಯ್ತಿಯ ವಾಟರ್‌ಮನ್. ದೊಡ್ಡ ಟ್ಯಾಂಕಿನಿಂದ ಯಾವ ಬೀದಿಗೆ ಯಾವಾಗ ನೀರು ಹೋಗಬೇಕೆಂದು ವಾಲ್ವ್ ತಿರುಗಿಸುವವನು. ಜನ ಅವನನ್ನು ಕರೆಯುತ್ತಿದ್ದದ್ದೇ ನೀರು ಬಿಡೋ ಮುನಿಶಾಮಪ್ಪ ಎಂದು. ಬೇಸಿಗೆಯಲ್ಲಿ ಕೆಳಗಿನ ಬೀದಿಗೆ ಬಿಟ್ಟರೆ ಮೇಲಿನ ಬೀದಿಯವರು ಬೈಯುವರು, ನಿಲ್ಲಿಸಿದರೆ ಕೆಳಗಿನ ಬೀದಿಯವರು ಬೈಯುವರು. ಬೈಗುಳದಲ್ಲಿ ಮಾತ್ರ ಎರಡು ಬೀದಿಗೂ ಸಮಪಾಲು. ಅಂಥವನಿಗೆ ಕಿಡ್ನಿ ಕೈಕೊಟ್ಟಾಗ ಡಾಕ್ಟರು ಮೊದಲು ಹೇಳಿದ ಮಾತು, "ಇನ್ಮೇಲೆ ನೀರು ಬಿಡಬೇಕು."

"ಅದೇ ಅಲ್ವಾ ಸಾರ್ ನಾನು ಇಷ್ಟು ವರ್ಷ ಮಾಡಿದ್ದು," ಎಂದಿದ್ದ ಮುನಿಶಾಮಪ್ಪ.

ನೀರು ಬಿಡಿ, ಉಪ್ಪು ಬಿಡಿ. ಇವೆರಡನ್ನೂ ಬಿಟ್ಟವನಿಗೆ, ಇವೆರಡೇ ಸೇರಿ ಆಗಿರುವುದನ್ನು ನೋಡುವ ಆಸೆ ಹತ್ತಿತು. ಒಂದು ದಿನ ಊಟಕ್ಕೆ ಕೂತಾಗ, ಹೆಂಡತಿ ಅಳೆದು ಕೊಟ್ಟ ಸಣ್ಣ ಲೋಟದ ನೀರನ್ನು ನಾಲಿಗೆಯ ತುದಿಯಲ್ಲಿ ಮುಟ್ಟಿ ಮುಟ್ಟಿ ಕುಡಿಯುತ್ತ ಹೇಳಿದ.

"ಒಂದ್ಸಲ ಸಮುದ್ರ ನೋಡ್ಬೇಕು ಕಣೇ. ಯಾರೂ ವಾಲ್ವ್ ತಿರುಗಿಸದೆ ಇರೋ ನೀರು. ಯಾರೂ ಬಿಂದಿಗೆ ಹಿಡ್ಕೊಂಡು ಬೈಯ್ಯದೆ ಇರೋ ನೀರು. ಹೆಂಗಿರ್ತದೆ ಅಂತ."

ಮದುವೆಯಾದ ಮೇಲೆ ಅವನು ಅವಳನ್ನು ಕೇಳಿದ ಮೊದಲ ವಸ್ತು ಅದು. ಮಾರನೇ ಬೆಳಗ್ಗೆ ಓಬಳಮ್ಮ ಹುಳದ ಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು.

ಲೆಕ್ಕ ಸುಲಭದ್ದಲ್ಲ. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಆದ್ದರಿಂದ ಸಮುದ್ರಕ್ಕೆ ಮಂಗಳವಾರ ಇಲ್ಲವೇ ಶುಕ್ರವಾರ. ಆ ಮಂಗಳವಾರವೋ ಶುಕ್ರವಾರವೋ ಹುಳಗಳು ಜ್ವರಕ್ಕೆ ಕೂತಿರಬೇಕು, ಅದರಲ್ಲೂ ಎಲ್ಲಕ್ಕಿಂತ ಉದ್ದದ ನಾಲ್ಕನೇ ಜ್ವರಕ್ಕೆ. ಮುರಳಿಮೋಹನ ಮೊಬೈಲಿನಲ್ಲಿ ನೋಡಿ ಮಹಾಬಲಿಪುರ ಎಂದು ಗೊತ್ತು ಮಾಡಿದ. ಕೋಳಿ ಕೂಗುವ ಮುಂಚೆ ಹೊರಟರೆ ಬಿಸಿಲೇರುವಷ್ಟರಲ್ಲಿ ಸಮುದ್ರ, ಮಧ್ಯಾಹ್ನದೊಳಗೆ ಅಲ್ಲಿಂದ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮೇಲೂರು. ಹುಳಗಳು ಎದ್ದು ತಲೆಯಾಡಿಸುವಷ್ಟರಲ್ಲಿ ಸೊಪ್ಪು ಹಾಕಬಹುದು.

ಹಿಂದಿನ ಕಾಲದಲ್ಲಿ ದೂರವನ್ನು ಯೋಜನೆಗಳಲ್ಲಿ ಅಳೆಯುತ್ತಿದ್ದರಂತೆ. ಓಬಳಮ್ಮನ ಮಟ್ಟಿಗೆ ಆ ಪದ್ಧತಿ ಇನ್ನೂ ಹೋಗಿರಲಿಲ್ಲ. ಒಂದನೇ ಯೋಜನೆಯಲ್ಲಿ ಜ್ವರ ಭಾನುವಾರ ಬಿತ್ತು. ಎರಡನೆಯದರಲ್ಲಿ ಸರಿಯಾಗಿ ಮಂಗಳವಾರವೇ ಬಿತ್ತು, ಆದರೆ ಯಂತ್ರ ಕೆಟ್ಟು ಡಯಾಲಿಸಿಸ್ ಕೂಡ ಮಂಗಳವಾರಕ್ಕೇ ಬಂತು. ಮೂರನೆಯದರಲ್ಲಿ ಹುಳ ಸರಿಯಿತ್ತು, ಯಂತ್ರ ಸರಿಯಿತ್ತು, ಮುನಿಶಾಮಪ್ಪನಿಗೇ ಉಸಿರು ಕಟ್ಟಿತು. ನಾಲ್ಕನೆಯದರಲ್ಲಿ ಎಲ್ಲವೂ ಕೂಡಿ ಬಂದು, ಕಾರು ಕೊಡುತ್ತೇನೆಂದಿದ್ದ ಮುರಳಿಯ ಗೆಳೆಯ ಮೋಹನ್‌ಬಾಬು ಅದರಲ್ಲೇ ನಾದಿನಿಯ ನಿಶ್ಚಿತಾರ್ಥಕ್ಕೆ ಹೋಗಿಬಿಟ್ಟ.

"ಏನಕ್ಕಾ, ಈ ಸಲಾನೂ ಸಮುದ್ರ ಬತ್ತೋಯ್ತಾ?" ಎಂದು ವಾರ್ಡಿನ ಹೊರಗೆ ಅನಸೂಯಮ್ಮ ಕೇಳಿದಳು. ತೊಂಡೇಬಾವಿಯವಳು. ಅವಳ ಗಂಡ ಕೋನಪ್ಪ ಮುನಿಶಾಮಪ್ಪನ ಪಕ್ಕದ ಮಂಚದವನು. ಗಂಡಂದಿರು ಯಂತ್ರಕ್ಕೆ ಕೈಕೊಟ್ಟು ಮಲಗಿರುವಾಗ ಹೆಂಡತಿಯರಿಬ್ಬರೂ ಹೊರಗಿನ ಬೆಂಚಿನ ಮೇಲೆ ಒಬ್ಬರ ಡಬ್ಬಿಯ ಉಪ್ಪಿಲ್ಲದ ಪಲ್ಯವನ್ನು ಇನ್ನೊಬ್ಬರು ರುಚಿ ನೋಡಿ ಮರುಗುತ್ತಿದ್ದರು.

"ಬತ್ತಲಿಲ್ಲಮ್ಮ. ಮುಂದಕ್ಕೆ ಹೋಯ್ತು."

"ಅಲ್ಲಕ್ಕಾ, ಒಂದಿನದ ಮಟ್ಟಿಗೆ ಪಕ್ಕದ ಮನೇವ್ರಿಗೆ ಸೊಪ್ಪು ಹಾಕಕ್ಕೆ ಹೇಳ್ಬಾರ್ದಾ?"

"ಬೇರೆಯವ್ರ ಕಾಲು ಹುಳದ ಮನೇಲಿ ಇಡಿಸ್ತಾರೇನಮ್ಮ? ಅವ್ರ ಹುಳದ ರೋಗ ನಮ್ಮ ಹುಳಕ್ಕೆ ಬರ್ತದೆ. ಬೇಕಾದ್ರೆ ಯಜಮಾನ್ರನ್ನ ಪಕ್ಕದ ಮನೇಲಿ ಬಿಟ್ಟೋಗ್ತೀನಿ, ಹುಳಾನ ಬಿಡಲ್ಲ."

"ಹಂಗಾದ್ರೆ ಮಗ ಒಬ್ನೇ ಅಪ್ಪನ್ನ ಕರ್ಕೊಂಡು ಹೋಗ್ಲಿ."

ಓಬಳಮ್ಮ ತಲೆಯಾಡಿಸಿದಳು. "ಅವ್ನು ಕರಗೋಗ್ತಾನೆ. ಅಪ್ಪ ಒಂದ್ಸಲ ನೀರು ಅಂದ್ರೆ ಬಾಟ್ಲೇ ಕೊಡ್ತಾನೆ. ನೀರು ಅಂದ್ರೆ ಇಲ್ಲ ಅನ್ನಕ್ಕೆ ನಾನೇ ಬೇಕು."

ಹೇಳಿದ ಮೇಲೆ ಆ ಮಾತು ಅವಳಿಗೇ ಹಿಡಿಸಲಿಲ್ಲ. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಎದ್ದುಹೋದಳು.

ಐದನೇ ಯೋಜನೆ ಚಳಿಗಾಲದ್ದು. ಅಷ್ಟರಲ್ಲಿ ಮುನಿಶಾಮಪ್ಪ ಅರ್ಧ ಆಗಿದ್ದ. ನಿದ್ದೆ ಅವನನ್ನು ಬಿಟ್ಟು ತಿಂಗಳುಗಳಾಗಿದ್ದವು. ಮಲಗಿದರೆ ಮೈಯೆಲ್ಲ ನವೆ, ಕಾಲುಗಳು ತಾವಾಗಿಯೇ ಎಗರುತ್ತಿದ್ದವು. ಕಣ್ಣು ಮುಚ್ಚಿದನೆಂದು ಓಬಳಮ್ಮ ಕೈ ತೆಗೆಯುವಷ್ಟರಲ್ಲಿ ಮತ್ತೆ "ಬೆನ್ನು ಕೆರಿಯೇ" ಅನ್ನುತ್ತಿದ್ದ. ಒಂದು ಗುರುವಾರ ಡಾಕ್ಟರಮ್ಮ ಮುರಳಿಯನ್ನು ಬಾಗಿಲ ಆಚೆಗೆ ಕರೆದು, "ಎಲ್ಲಿಗಾದರೂ ಕರ್ಕೊಂಡು ಹೋಗ್ಬೇಕು ಅಂತಿದ್ರೆ ಮುಂದಕ್ಕೆ ಹಾಕಬೇಡಿ," ಅಂದಳು. ಬಾಗಿಲು ತೆಳ್ಳಗಿತ್ತು. ಒಳಗಿದ್ದ ಓಬಳಮ್ಮನಿಗೆ ಪೂರ್ತಿ ಕೇಳಿಸಿತು.

ಆ ಸಲ ಜ್ವರ ಮಂಗಳವಾರಕ್ಕೆ ಬೀಳಬೇಕಿತ್ತು. ಆದರೆ ಚಳಿಗೆ ಹುಳಗಳು ಮಂದವಾಗಿ, ಭಾನುವಾರದ ಹೊತ್ತಿಗೆ ಅವಳ ಕಣ್ಣಿಗೆ ಗೊತ್ತಾಯಿತು. ಬುಧವಾರಕ್ಕೆ ಮುಂಚೆ ಇವು ಕೂರುವುದಿಲ್ಲ. ಓಬಳಮ್ಮ ಹುಳದ ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿದಳು. ಕುಂಪಟಿಗೆ ಇದ್ದಿಲು ತುಂಬಿ, ಬೆಂಕಿ ಮಾಡಿ, ನಡುವೆ ಇಟ್ಟಳು. ಬಿಸಿ ಹೆಚ್ಚಾದರೆ ಹುಳ ಬೇಗ ಬೇಗ ತಿಂದು ಬೇಗ ಜ್ವರಕ್ಕೆ ಕೂರುತ್ತದೆ. ಹಾಗೆ ಅವಸರಪಡಿಸಿದ ಹುಳ ಒಳ್ಳೆ ಗೂಡು ಕಟ್ಟುವುದಿಲ್ಲವೆಂದು ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ.

ಸಂಜೆ ಮುನಿಶಾಮಪ್ಪ ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತ.

"ಏನೇ, ಹುಳಕ್ಕೆ ಬೆವರು ಬರಿಸ್ತಿದೀಯಾ?"

"ಚಳಿ ಜಾಸ್ತಿ ಐತೆ."

"ಚಳಿಗಾಲದಲ್ಲಿ ಚಳಿ ಇರ್ದೆ ಇನ್ನೇನು? ನಿಜ ಹೇಳು. ಮಂಗಳವಾರಕ್ಕೆ ತಳ್ತಿದೀಯಾ."

"ನಿಮ್ಮ ಪಾಡಿಗೆ ನೀವು ಹೋಗಿ ಮಲೀಕಳಿ."

"ಬೆಳೆ ಹೋಗ್ತದೆ ಕಣೇ."

"ಹೋದ್ರೆ ಇನ್ನೊಂದು ಬೆಳೆ ಬರ್ತದೆ."

ಮುನಿಶಾಮಪ್ಪ ಕೆಮ್ಮಿ, "ನನಗೂ ಒಂದು ಕುಂಪಟಿ ಇಕ್ಕು. ನಾಕು ಗಳಿಗೆ ನಾನೂ ಜ್ವರಕ್ಕೆ ಕೂತ್ಕೊಂಡೇನು," ಎಂದು ಒಳಗೆ ಹೋದ.

ಸೋಮವಾರ ಡಯಾಲಿಸಿಸ್ ಮುಗಿಸಿ ಬಂದ ಓಬಳಮ್ಮ ಮೊದಲು ಹುಳದ ಮನೆಯ ಬಾಗಿಲು ತೆರೆದು ನೋಡಿದಳು. ಬಿಸಿ ಮೇಲಕ್ಕೆ ಏರುತ್ತದೆಂಬುದನ್ನು ಅವಸರದಲ್ಲಿ ಮರೆತಿದ್ದಳು. ಮೇಲಿನ ತಟ್ಟೆಗಳ ಹುಳಗಳು ಜ್ವರಕ್ಕೆ ಕೂತಿದ್ದವು, ಕೆಳಗಿನವು ಇನ್ನೂ ಸರಸರನೆ ಮೇಯುತ್ತಿದ್ದವು. ಒಂದೇ ಮನೆಯಲ್ಲಿ ಅರ್ಧ ಮಲಗಿ ಅರ್ಧ ಎದ್ದಿದ್ದರೆ ಆ ಬೆಳೆ ಒಂದೇ ಸಮ ಬರುವುದಿಲ್ಲ. ಹಿಂದೆ ಯಾವತ್ತೂ ಅವಳ ಕೈಯಲ್ಲಿ ಹೀಗಾಗಿರಲಿಲ್ಲ. ಮೇಲೆ ಸುಣ್ಣ ತೂರಿದಳು, ಕೆಳಗೆ ಎರಡು ಹೊತ್ತಿಗಾಗುವಷ್ಟು ಸೊಪ್ಪು ಹೇರಿದಳು. ಬೆಳಗಿನ ಜಾವ ಕಾರು ಬಂದಾಗ ಕೆಳಗಿನ ತಟ್ಟೆಗಳಿಂದ ಇನ್ನೂ ಸಣ್ಣ ಮಳೆಯಂಥ ಸದ್ದು ಬರುತ್ತಿತ್ತು. ತಿನ್ನುತ್ತಿರುವ ಹುಳಗಳಿಗೆ ಬೆನ್ನು ಮಾಡಿ ಓಬಳಮ್ಮ ಮೊದಲ ಸಲ ಬಾಗಿಲೆಳೆದುಕೊಂಡಳು.

ಕಾರಿನಲ್ಲಿ ಮುನಿಶಾಮಪ್ಪನಿಗೆ ಮಾತೇ ಮಾತು. ಮುಳಬಾಗಿಲು ದಾಟುವ ತನಕ ದಾರಿಯಲ್ಲಿ ಕಂಡ ಟ್ಯಾಂಕುಗಳಿಗೆಲ್ಲ ಎಷ್ಟು ಲೀಟರ್ ಹಿಡಿಸುತ್ತದೆಂದು ಹೇಳಿದ.

"ಅಪ್ಪ, ಸಮುದ್ರಕ್ಕೆ ಎಷ್ಟು ಹಿಡಿಸ್ತದೆ?" ಎಂದ ಮುರಳಿ ಸ್ಟೀರಿಂಗ್ ಹಿಡಿದುಕೊಂಡೇ.

"ನೋಡಿ ಹೇಳ್ತೀನಿ ಇರಪ್ಪ. ನೋಡ್ದೆ ಅಂದಾಜು ಹೇಳೋ ಇಂಜಿನಿಯರ್ ಅಲ್ಲ ನಾನು."

ಚಿತ್ತೂರಿನ ಹತ್ತಿರ ನೀರು ಕೇಳಿದ. ಓಬಳಮ್ಮ ಸಣ್ಣ ಬಾಟಲಿನ ಮುಚ್ಚಳದಲ್ಲಿ ಕೊಟ್ಟಳು. ಇನ್ನೊಂದು ಮುಚ್ಚಳ ಕೇಳಿದ. "ಅಲ್ಲಿಗೆ ಹೋದ ಮೇಲೆ," ಅಂದಳು. ಕಾಲುಗಳು ಎಗರತೊಡಗಿದವು. ಸೀಟಿನ ಮೇಲೆ ಅಡ್ಡ ತಿರುಗಿ ಕೂತು ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು. ವೆಲ್ಲೂರು ಕಳೆದ ಮೇಲೆ ಮಾತು ಕಡಿಮೆಯಾಯಿತು. ಆಮೇಲೆ ನಿಂತಿತು.

ಮಹಾಬಲಿಪುರ ಬಂತು. ತೊಗಲು ಸುಡುವಂಥ ಬಿಸಿಲು, ಶಂಖ ಮಾರುವ ಅಂಗಡಿಗಳು, ಹುರಿದ ಮೀನಿನ ವಾಸನೆ. ಮುರಳಿ ಸಂದಿಯೊಂದರಲ್ಲಿ ತಿರುಗಿಸಿ, ದಂಡೆಯ ಪಕ್ಕದ ಮರದ ನೆರಳಲ್ಲಿ ಕಾರು ನಿಲ್ಲಿಸಿದ. ಎದುರಿಗೇ ಸಮುದ್ರ. ಅವನೇ ಒಂದು ಕ್ಷಣ ಬಾಯಿಬಿಟ್ಟುಕೊಂಡು ನೋಡಿದ. ಮತ್ತೆ ಹಿಂದಕ್ಕೆ ತಿರುಗಿದ.

"ಅಪ್ಪ ತೂಗಡಿಸ್ತಾ ಅವ್ರೆ. ಎಬ್ಬಿಸಮ್ಮ, ತೋರ್ಸು. ನಾನು ಇಡ್ಲಿ ಕಟ್ಟಿಸ್ಕೊಂಡು ಬರ್ತೀನಿ. ಉಪ್ಪಿಲ್ದೆ ಚಟ್ನಿ ಯಾರು ಮಾಡಿರ್ತಾರೋ ಏನೋ."

ಉಪ್ಪಿಲ್ಲದ ಚಟ್ನಿ ಹುಡುಕಿಕೊಂಡು ಅವನು ಊರೆಲ್ಲ ಸುತ್ತಿದ. ಸಿಗಲಿಲ್ಲ. ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಓಬಳಮ್ಮ ಕಿಟಕಿಗೆ ಸೆರಗು ಅಡ್ಡ ಕಟ್ಟಿ, ಅವನು ಹೋದಾಗ ಹೇಗೆ ಕೂತಿದ್ದಳೋ ಹಾಗೇ ಕೂತಿದ್ದಳು. ಅಪ್ಪ ಅವಳ ಭುಜಕ್ಕೆ ಒರಗಿ ಮಲಗಿದ್ದ.

"ಅಪ್ಪಂಗೆ ಸಮಾಧಾನ ಆಯ್ತಾ?"

"ಆಯ್ತು, ಮೆಲ್ಲಗೆ ಮಾತಾಡು. ನಡಿ, ಹೊತ್ತಾಯ್ತು."

ವಾಪಸ್ ಬರುವಾಗ ದಾರಿಯ ನಡುವೆ ಮುನಿಶಾಮಪ್ಪ ಕಣ್ಣುಬಿಟ್ಟ. ಕಿಟಕಿಯಾಚೆ ಗುಡ್ಡಗಳನ್ನು ತುಂಬಾ ಹೊತ್ತು ನೋಡಿದ. ಹೆಂಡತಿಯ ಮುಖ ನೋಡಿದ. ಅವಳು ಅಳೆಯದೆ, ಮುಚ್ಚಳವಲ್ಲ, ಬಾಟಲನ್ನೇ ಮುಂದೆ ಹಿಡಿದಳು. ಅವನು ಒಂದು ಗುಟುಕು ಮಾತ್ರ ಕುಡಿದು ಹಿಂದಕ್ಕೆ ಕೊಟ್ಟ.

ಆ ಬೆಳೆ ಕೆಟ್ಟಿತು. ಕೆಲವು ಗೂಡು ಸಣ್ಣವು, ಕೆಲವು ಪೊಳ್ಳು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಬೆರಳಲ್ಲಿ ಹಿಸುಕಿ ನೋಡಿದವರು, "ಏನಮ್ಮ, ಇದು ನಿಮ್ಮನೇದಾ?" ಎಂದು ಕೇಳಿದರು. ಓಬಳಮ್ಮ, "ನಮ್ಮನೇದೇ," ಅಂದಳು.

ಆದರೆ ವಾರ್ಡಿನಲ್ಲಿ ಮುನಿಶಾಮಪ್ಪನ ಕಾಲ ಶುರುವಾಯಿತು. ಯಂತ್ರಕ್ಕೆ ಕೈಕೊಟ್ಟು ಮಲಗಿದ ಕೂಡಲೇ ಪಕ್ಕದಿಂದ ಕೋನಪ್ಪ, "ಅಣ್ಣಾ, ಸಮುದ್ರದ್ದು ಹೇಳಣ್ಣ," ಅನ್ನುತ್ತಿದ್ದ. ಅವನು ಹೇಳುತ್ತಿದ್ದ.

"ನೀಲಿ ಅಂತಾರೆ, ಸುಳ್ಳು. ಬೆಳಗ್ಗೆ ಹೊತ್ತು ಬೂದಿ ಬಣ್ಣ. ಆ ಕಡೆ ದಡನೇ ಇಲ್ಲ ಕಣಪ್ಪ. ನಮ್ಮ ಟ್ಯಾಂಕಿನಂಥವು ಎಷ್ಟು ತುಂಬಿದ್ರೂ ಅದಕ್ಕೆ ಗೊತ್ತೇ ಆಗಲ್ಲ. ಬರ್ತದೆ, ಹೋಗ್ತದೆ. ಬರ್ತದೆ, ಹೋಗ್ತದೆ. ಪೈಪಿಲ್ಲ, ವಾಲ್ವಿಲ್ಲ."

"ಕಾಲಿಟ್ರಾ ಅಣ್ಣಾ?"

"ಇಡ್ದೆ ಏನು? ಮಂಡಿ ತನಕ. ಕಾಲಡಿ ಮರಳು ಜಾರ್ತಿತ್ತು, ಇವಳು ಕೈ ಹಿಡ್ಕೊಂಡಿದ್ಲು. ಹೌದಾ ಇಲ್ವೇನೇ?"

"ಹ್ಞೂಂ," ಅನ್ನುತ್ತಿದ್ದಳು ಓಬಳಮ್ಮ, ಚೀಲದಲ್ಲಿ ಏನನ್ನೋ ಹುಡುಕುತ್ತ.

ಒಂದೊಂದು ವಾರಕ್ಕೂ ಸಮುದ್ರ ದೊಡ್ಡದಾಗುತ್ತ ಹೋಯಿತು, ಮುನಿಶಾಮಪ್ಪ ಸಣ್ಣಗಾಗುತ್ತ ಹೋದ. ಯುಗಾದಿ ಮುಗಿದ ವಾರ, ಒಂದು ಮಧ್ಯಾಹ್ನ, ಉಪ್ಪಿಲ್ಲದ ಅನ್ನವನ್ನು ಅರ್ಧ ಉಂಡು, "ಆಮೇಲೆ ಉಣ್ತೀನಿ," ಎಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಅವತ್ತು ಎರಡೂ ಬೀದಿಯವರು ಒಟ್ಟಿಗೆ ಬಂದಿದ್ದರು. ಹೊಸ ವಾಟರ್‌ಮನ್‌ಗೆ ಹೇಳಿ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಒಂದೇ ಸಲ ನೀರು ಬಿಡಿಸಿದರು. ಹುಳದ ಮನೆಯಲ್ಲಿ ಎರಡನೇ ಜ್ವರ ಎದ್ದ ಮರಿಗಳಿದ್ದವು. ಅವಕ್ಕೆ ಸೊಪ್ಪು ಹಾಕಲು ಓಬಳಮ್ಮ ಹೋಗಲಿಲ್ಲ. ಹೋಗೆಂದು ಯಾರೂ ಹೇಳಲೂ ಇಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ತೊಂಡೇಬಾವಿಯಿಂದ ಅನಸೂಯಮ್ಮ ಬಂದಳು. ಬಾಳೆಹಣ್ಣಿನ ಚಿಪ್ಪು ಕೆಳಗಿಟ್ಟು, ಓಬಳಮ್ಮನ ಎರಡೂ ಕೈ ಹಿಡಿದುಕೊಂಡು, ಸ್ವಲ್ಪ ಹೊತ್ತು ಅತ್ತಳು. ಓಬಳಮ್ಮನೇ ಅವಳಿಗೆ ಕಾಫಿ ಕಾಸಿ ಕೊಟ್ಟಳು.

"ನಮ್ಮನೆಯವ್ರು ಎದ್ದಾಗ ಕೂತಾಗ ಅಣ್ಣಂದೇ ಮಾತಾಡ್ತಾರೆ ಅಕ್ಕಾ. ಅಣ್ಣ ಸಮುದ್ರ ನೋಡ್ಕೊಂಡು ಹೋದ್ರು, ಪುಣ್ಯವಂತ್ರು ಅಂತಾರೆ. ನನ್ನೂ ಕರ್ಕೊಂಡು ಹೋಗು ಅಂತ ಒಂದೇ ಸಮ ಹಟ."

"ಹೋಗ್ಬನ್ನಿ."

"ಅಣ್ಣ ಎಲ್ಲ ಹೇಳಿದ್ರು. ಬಣ್ಣ, ಅಲೆ, ಮರಳು. ಒಂದು ಮಾತ್ರ ಕೇಳೋದು ಉಳ್ದೋಯ್ತಂತೆ, ನಿಮ್ಮನ್ನೇ ಕೇಳ್ಕೊಂಡು ಬಾ ಅಂದವ್ರೆ." ಅನಸೂಯಮ್ಮ ಲೋಟ ಕೆಳಗಿಟ್ಟಳು. "ಮೊದ್ಲು ಕಂಡಾಗ, ಆ ಗಳಿಗೇಲಿ, ಅಣ್ಣ ಏನಂದ್ರು?"

ಓಬಳಮ್ಮ ಖಾಲಿ ಲೋಟವನ್ನು ಎತ್ತಿಕೊಂಡಳು.

"ನೋಡ್ಲಿಲ್ಲ ಕಣಮ್ಮ. ಕಾರಲ್ಲೇ ನಿದ್ದೆ ಹತ್ತಿತ್ತು. ನಾನು ಎಬ್ಬಿಸಲಿಲ್ಲ."